ಬೆಂಗಳೂರಿನ ಸುತ್ತಲಿನ ಸಣ್ಣ ತೋಟಗಾರರ ನಡುವೆ ಮಾಹಿತಿ ಹಂಚಿಕೊಳ್ಳುವ ಜಾಲ ಕಟ್ಟುವುದು ಹೇಗೆ?
ಒಂದೇ ಬೆಳೆ ಬೆಳೆಯುವ ಅಕ್ಕಪಕ್ಕದ ರೈತರನ್ನು ಮೊದಲು ಸೇರಿಸಿ. ಏಕೆಂದರೆ ಕೀಟಕ್ಕೆ ಬೇಲಿಯ ಹಂಗಿಲ್ಲ. ಹಣ್ಣಿನೊಳಗೆ ಮೊಟ್ಟೆ ಇಟ್ಟು ಹುಳುಕು ಮಾಡುವ ಮಾವಿನ ಹಣ್ಣುನೊಣವನ್ನೇ ನೋಡಿ. ಮೋಹಕ ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ಗಂಡು ನೊಣಗಳು ಬಂದು ಸಾಯುತ್ತವೆ. ಹೆಣ್ಣಿಗೆ ಜೋಡಿ ಸಿಗದೆ ಸಂತತಿ ಇಳಿಯುತ್ತದೆ. ಆದರೆ ನೀವೊಬ್ಬರೇ ಬಲೆ ಕಟ್ಟಿದರೆ, ಮೊಟ್ಟೆ ಇಡುವ ಹೆಣ್ಣು ಪಕ್ಕದ ತೋಟದಿಂದ ಹಾರಿ ಬರುತ್ತದೆ ಅಲ್ವಾ? ಕಾಯಿ ಬಲಿಯುವ ಮೊದಲೇ ಎಲ್ಲರೂ ಒಟ್ಟಿಗೆ ಕಟ್ಟಬೇಕು, ಉದುರಿದ ಹಣ್ಣನ್ನೂ ಹೆಕ್ಕಿ ನಾಶಮಾಡಬೇಕು.

ಇದಕ್ಕೆ ಒಂದು ವಾಟ್ಸಾಪ್ ಗುಂಪು ಸಾಕು. ಹುಳುಕು ಹಣ್ಣಿನ ಫೋಟೋ, ಬಲೆಗೆ ಎಷ್ಟು ನೊಣ ಬಿತ್ತು ಎಂಬ ಲೆಕ್ಕ ಅದರಲ್ಲಿ ಬರಲಿ. ಗೊತ್ತಾಗದ ರೋಗವಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿ. ಔಷಧಿ ಅಂಗಡಿಯವರನ್ನು ಮಾತ್ರ ಗುಂಪಿಗೆ ಸೇರಿಸಬೇಡಿ, ಮಾತು ಮಾರಾಟದ ಕಡೆ ತಿರುಗಿಬಿಡುತ್ತದೆ.