ಪಿನ್‌ವೀಲ್ ಕ್ವಿಲ್ಟ್‌ಗೆ ಚೌಕಗಳ ಅಳತೆ

ಪ್ರಶ್ನೆ: ಎರಡು ಬಣ್ಣದ ಹತ್ತಿ ಬಟ್ಟೆಯಲ್ಲಿ ಗಿರಗಿಟ್ಟಲೆಯಂತೆ ಕಾಣುವ ಪಿನ್‌ವೀಲ್ ಕ್ವಿಲ್ಟ್ ಹೊಲಿಯಬೇಕೆಂದಿದ್ದೇನೆ. ಜೋಡಿಸಿದ ಮೇಲೆ ಪ್ರತಿ ಬ್ಲಾಕ್ (ಒಂದು ಗಿರಗಿಟ್ಟಲೆ ವಿನ್ಯಾಸದ ಘಟಕ) 8 ಇಂಚು ಉಳಿಯಬೇಕಾದರೆ ಚೌಕಗಳನ್ನು ಯಾವ ಅಳತೆಗೆ ಕತ್ತರಿಸಬೇಕು?

ಉತ್ತರ: ಒಂದು ಬ್ಲಾಕಿನಲ್ಲಿ ನಾಲ್ಕು ಚೌಕಗಳಿದ್ದು, ಪ್ರತಿಯೊಂದೂ ಎರಡು ಬಣ್ಣದ ತ್ರಿಕೋನಗಳಿಂದ ಆಗಿರುವುದರಿಂದ, 8 ಇಂಚಿನ ಅರ್ಧವಾದ 4 ಇಂಚಿನಿಂದ ಲೆಕ್ಕ ಆರಂಭಿಸಬೇಕು. ಸುತ್ತಲಿನ ಹೊಲಿಗೆಗೆ ಎರಡೂ ಬದಿಯ ಕಾಲಿಂಚು ಸೇರಿ ಅರ್ಧ ಇಂಚು, ಕರ್ಣದ ಹೊಲಿಗೆಗೆ ಸುಮಾರು ⅜ ಇಂಚು ಬೇಕು. ಒಟ್ಟು 4⅞ ಇಂಚು. ಅನೇಕರು ಈ ⅜ ಇಂಚನ್ನು ಮರೆಯುವುದರಿಂದಲೇ ಬ್ಲಾಕ್ ಚಿಕ್ಕದಾಗುತ್ತದೆ.

ಆದರೂ ತುಸು ದೊಡ್ಡದಾಗಿ 5 ಇಂಚಿಗೆ ಕತ್ತರಿಸಿ, ಹೆಚ್ಚಿನದನ್ನು ಹೊಲಿದ ಮೇಲೆ ಕತ್ತರಿಸಿ ತೆಗೆಯುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಬ್ಲಾಕಿಗೆ ಪ್ರತಿ ಬಣ್ಣದಲ್ಲಿ ಎರಡು ಚೌಕ ಸಾಕು. ಬೇರೆ ಬೇರೆ ಬಣ್ಣದ ಎರಡು ಚೌಕಗಳ ಒಳ್ಳೆಯ ಮುಖಗಳು ಒಂದಕ್ಕೊಂದು ತಾಗುವಂತೆ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಪಕ್ಕದಲ್ಲಿ ಕಾಲಿಂಚು ದೂರದಲ್ಲಿ ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಎರಡು ಬಣ್ಣ ಸೇರಿದ ಎರಡು ಚೌಕಗಳು ಸಿಗುತ್ತವೆ. ಓರೆಯಾಗಿ ಕತ್ತರಿಸಿದ ಅಂಚು ಬೇಗ ಹಿಗ್ಗುವುದರಿಂದ ಇಸ್ತ್ರಿಯನ್ನು ಎಳೆಯದೆ ಒತ್ತಿ, ಕರ್ಣದ ಹೊಲಿಗೆ ಮೂಲೆಗಳಿಗೇ ಸೇರುವಂತೆ ನೋಡಿಕೊಂಡು 4½ ಇಂಚಿಗೆ ಸರಿಪಡಿಸಿ. ನಾಲ್ಕನ್ನೂ ಜೋಡಿಸಿದಾಗ ಬ್ಲಾಕ್ 8½ ಇಂಚು ಬರಬೇಕು. ಉಳಿದ ಅರ್ಧ ಇಂಚು ಪಕ್ಕದ ಬ್ಲಾಕುಗಳ ಜೋಡಣೆಗೆ ಹೋಗುತ್ತದೆ.