ಬ್ರಿಟನಿಯ ಗದ್ದುಗೆ ಯಾರದ್ದು?

ಪ್ರಶ್ನೆ: ಫ್ರಾನ್ಸಿನ ಬ್ರಿಟನಿಯಲ್ಲಿ ಡ್ಯೂಕ್ ಪದವಿಗಾಗಿ 20 ವರ್ಷಕ್ಕೂ ಜಾಸ್ತಿ ಯುದ್ಧ ನಡೆಯಿತಂತೆ. ಮೊಂಫೋರ್‌ನ ಜಾನ್, ಬ್ಲ್ವಾದ ಚಾರ್ಲ್ಸ್, ಇಬ್ಬರಲ್ಲಿ ನಿಜವಾದ ಹಕ್ಕು ಯಾರಿಗಿತ್ತು? (ಶಿರಸಿಯ ಓದುಗರೊಬ್ಬರು)

ಉತ್ತರ: ನನ್ನ ಪ್ರಕಾರ ಚಾರ್ಲ್ಸ್‌ನ ಹೆಂಡತಿಗೆ. ಅವಳ ಹೆಸರು ಪಾಂತಿಯೇವ್ರ್‌ನ ಜೋನ್. ಈ ಯುದ್ಧದ ಮಾತು ಬಂದಾಗೆಲ್ಲ ಅವಳನ್ನು ಗಂಡನ ಹೆಸರಿನ ಹಿಂದೆ ತಳ್ಳಿಬಿಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಕಾಲೇಜಿನಲ್ಲಿ ಪಾಠ ಹೇಳುವಾಗ ಈ ಮನೆತನದ ವಂಶವೃಕ್ಷವನ್ನು ಬೋರ್ಡಿನ ಮೇಲೆ ಬರೆದೇ ಮುಂದೆ ಹೋಗುತ್ತಿದ್ದೆ. 1341ರ ಏಪ್ರಿಲ್ 30ರಂದು ಡ್ಯೂಕ್ ಮೂರನೇ ಜಾನ್ ತೀರಿಕೊಂಡ. ಮೂರು ಮದುವೆಯಾದರೂ ಮಕ್ಕಳಿರಲಿಲ್ಲ. ಒಡಹುಟ್ಟಿದ ತಮ್ಮ ಗೀ ಹತ್ತು ವರ್ಷ ಮೊದಲೇ ಸತ್ತಿದ್ದ. ಅವನ ಮಗಳೇ ಈ ಜೋನ್. ಮೊಂಫೋರ್‌ನ ಜಾನ್ ಡ್ಯೂಕನ ತಂದೆಯ ಎರಡನೇ ಹೆಂಡತಿಯ ಮಗ, ಗೀಗಿಂತ ಚಿಕ್ಕವನು. ಬ್ರಿಟನಿಯ ಪದ್ಧತಿಯಲ್ಲಿ ಸತ್ತ ಅಣ್ಣನ ಪಾಲಿಗೆ ಅವನ ಮಗಳು ಬರಬಹುದಿತ್ತು. ಹೆಣ್ಣಿಗೆ ಪಟ್ಟವಿಲ್ಲ ಎಂದು ಮೊಂಫೋರ್ ಕಡೆಯವರು ಹಟ ಹಿಡಿದರು.

ಈಗ ರಾಜರನ್ನು ನೋಡಿ. ಹೆಣ್ಣಿನ ಮೂಲಕ ಪಟ್ಟ ಬರುವುದಿಲ್ಲ ಎಂಬ ವಾದದ ಮೇಲೆಯೇ ಆರನೇ ಫಿಲಿಪ್ 1328ರಲ್ಲಿ ಫ್ರಾನ್ಸಿನ ರಾಜನಾಗಿದ್ದ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ತನ್ನ ತಾಯಿಯ ಮೂಲಕ ಅದೇ ಫ್ರಾನ್ಸ್ ಕಿರೀಟ ಕೇಳುತ್ತಿದ್ದ. ಬ್ರಿಟನಿಯ ವಿಷಯ ಬಂದಾಗ ಇಬ್ಬರೂ ಮಾತು ತಿರುಗಿಸಿದರು. ಚಾರ್ಲ್ಸ್ ಫಿಲಿಪ್‌ನ ಸೋದರಳಿಯ, ಆದ್ದರಿಂದ ಫಿಲಿಪ್ ಜೋನಳ ಕಡೆ. ಎಡ್ವರ್ಡ್‌ಗೆ ಬ್ರೆಸ್ಟ್‌ನಂಥ ಬಂದರು ಬೇಕಿತ್ತು, ಹಾಗಾಗಿ ಮೊಂಫೋರ್ ಕಡೆ. 1341ರ ಸೆಪ್ಟೆಂಬರ್‌ನಲ್ಲಿ ಕಾನ್‌ಫ್ಲಾನ್‌ನಲ್ಲಿ ಫಿಲಿಪ್‌ನ ತೀರ್ಪು ಚಾರ್ಲ್ಸ್ ಪರವಾಗಿ ಬಂತು. ತೀರ್ಪು ಸರಿಯೇ, ಆದರೆ ಅದರ ಹಿಂದಿದ್ದದ್ದು ನ್ಯಾಯವಲ್ಲ, ನೆಂಟಸ್ತಿಕೆ.

ಆ ನವೆಂಬರ್‌ನಲ್ಲೇ ನಾಂತ್ ಪಟ್ಟಣದಲ್ಲಿ ಮೊಂಫೋರ್ ಸೆರೆಸಿಕ್ಕ. ಅವನ ಹೆಂಡತಿ, ಫ್ಲಾಂಡರ್ಸಿನ ಜೋನ್, ಕೈಕಟ್ಟಿ ಕೂರಲಿಲ್ಲ. 1342ರಲ್ಲಿ ಎನ್‌ಬೋನ್ ಕೋಟೆಗೆ ಚಾರ್ಲ್ಸ್ ಮುತ್ತಿಗೆ ಹಾಕಿದಾಗ ಅವಳು ಕುದುರೆ ಏರಿ ಹೊರಬಿದ್ದು ಶತ್ರುವಿನ ಡೇರೆಗಳಿಗೆ ಬೆಂಕಿ ಇಟ್ಟಳು ಎಂದು ಆ ಶತಮಾನದವರೇ ಬರೆದಿಟ್ಟಿದ್ದಾರೆ. ಇಂಗ್ಲಿಷ್ ಹಡಗುಗಳು ನೆರವಿಗೆ ಬರುವ ತನಕ ಕೋಟೆ ಬೀಳದೆ ನಿಂತಿತು. ಇಷ್ಟೆಲ್ಲ ಮಾಡಿದವಳನ್ನು ಮರುವರ್ಷ ಇಂಗ್ಲೆಂಡಿಗೆ ಕರೆದೊಯ್ದು ಟಿಕ್‌ಹಿಲ್ ಕೋಟೆಯಲ್ಲಿ ಇಟ್ಟರು. ಬುದ್ಧಿ ಸ್ಥಿಮಿತ ತಪ್ಪಿತ್ತು ಎಂಬ ಮಾತಿದೆ. ಏನೇ ಇರಲಿ, ಉಳಿದ ಆಯುಸ್ಸು ಇಂಗ್ಲೆಂಡಿನಲ್ಲೇ ಕಳೆಯಿತು. ಈ ಯುದ್ಧದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದು.

1347ರಲ್ಲಿ ಲಾ ರೋಶ್ ದೆರಿಯಾನ್‌ನಲ್ಲಿ ಚಾರ್ಲ್ಸ್ ಕೂಡ ಸೆರೆಯಾದ. 1356ರ ತನಕ ಬಿಡುಗಡೆಯಿಲ್ಲ. ಅಷ್ಟೂ ಕಾಲ ತನ್ನ ಪಕ್ಷವನ್ನು ಹಿಡಿದು ನಿಲ್ಲಿಸಿದವಳು ಪಾಂತಿಯೇವ್ರ್‌ನ ಜೋನ್. 1363ರಲ್ಲಿ ನಾಡನ್ನು ಅರ್ಧರ್ಧ ಹಂಚಿಕೊಳ್ಳೋಣ ಎಂದು ಗಂಡ ಒಪ್ಪಿ ಬಂದ, ಇವಳು ಒಪ್ಪಲಿಲ್ಲ. ಹಟ ಅನ್ನಬಹುದು. ಆದರೆ ಆಸ್ತಿ ಅವಳದ್ದು, ಅಲ್ವಾ?

ಪ್ರಶ್ನೆ: ಇದೇ ಯುದ್ಧದಲ್ಲಿ 30 ಜನರ ವಿರುದ್ಧ 30 ಜನ ಹೋರಾಡಿದ್ದು ನಿಜವೇ? (ಅದೇ ಓದುಗರು)

ಉತ್ತರ: ನಿಜ. 1351ರ ಮಾರ್ಚ್ 26ರಂದು, ಜೋಸ್ಲಾನ್ ಮತ್ತು ಪ್ಲೋಯೆರ್ಮೆಲ್ ನಡುವೆ. ಚಾರ್ಲ್ಸ್ ಪಕ್ಷದ ಬೋಮನ್ವಾರ್‌ನ ಕಡೆಯವರು ಗೆದ್ದರು. ಯುದ್ಧದ ಗತಿ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ.

ಪ್ರಶ್ನೆ: ಪಾಂತಿಯೇವ್ರ್‌ನ ಜೋನಳಿಗೆ ಕೊನೆಗೆ ಏನು ಸಿಕ್ಕಿತು? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: 1364ರ ಸೆಪ್ಟೆಂಬರ್ 29ರಂದು ಓರೇ ಕಾಳಗದಲ್ಲಿ ಚಾರ್ಲ್ಸ್ ಸತ್ತ. ಮರುವರ್ಷ ಗೆರಾಂದ್ ಒಪ್ಪಂದವಾಯಿತು. ಮೊಂಫೋರ್ 1345ರಲ್ಲೇ ತೀರಿಕೊಂಡಿದ್ದರಿಂದ ಅವನ ಮಗ ಡ್ಯೂಕ್ ಆದ. ಜೋನಳಿಗೆ ಪಾಂತಿಯೇವ್ರ್ ಜಮೀನು ಮತ್ತು ಬದುಕಿರುವವರೆಗೆ ಡಚೆಸ್ ಎಂಬ ಹೆಸರು ಉಳಿಯಿತು. ಗಂಡುಸಂತಾನ ಇರುವ ತನಕ ಹೆಣ್ಣಿಗೆ ಪಟ್ಟವಿಲ್ಲ ಎಂದೂ ಬರೆದುಕೊಂಡರು. ಮೊಂಫೋರ್ ವಂಶದಲ್ಲಿ ಗಂಡುಮಕ್ಕಳು ಇಲ್ಲವಾದರೆ ಪಾಂತಿಯೇವ್ರ್ ಮನೆಗೆ ಸರದಿ. ಆದರೆ 1480ರಲ್ಲಿ ಆ ಮನೆಯ ನಿಕೋಲ್ ತನ್ನ ಹಕ್ಕನ್ನು ಫ್ರಾನ್ಸಿನ ಹನ್ನೊಂದನೇ ಲೂಯಿಗೆ ಮಾರಿದಳು. 1488ರಲ್ಲಿ ಮೊಂಫೋರ್ ವಂಶದ ಕೊನೆಯ ಡ್ಯೂಕ್ ಸತ್ತಾಗ ಪಟ್ಟಕ್ಕೆ ಬಂದವಳು ಅವನ 11 ವರ್ಷದ ಮಗಳು ಆನ್.