ನೀಲಾಂಜನೆ ಎಂದು ಹೆಸರಿಡುವ ಮೊದಲು ಪಂಪನನ್ನು ಓದಿ

ಮಗಳಿಗೆ ಹಳಗನ್ನಡ ಕಾವ್ಯದಿಂದ ಅಪರೂಪದ ಹೆಸರು ಬೇಕು, ನೀಲಾಂಜನೆ, ಅಮೃತಮತಿ, ವಿಷಯೆ ಈ ಮೂರರಲ್ಲಿ ಯಾವುದು ಇಡಲಿ ಅಂತ ಕೇಳಿದ್ದೀರಿ. ನನ್ನ ದೊಡ್ಡ ಮಗಳ ಹೆಸರು ನೀಲಾಂಜನೆ. ಅಂದರೆ ಜನನ ಪತ್ರದಲ್ಲಿ ಹಾಗಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು ಬರೀ ನೀಲಾ.

ಅವಳು ಹುಟ್ಟಿದಾಗ ನಮಗೂ ನಿಮ್ಮದೇ ಆಸೆ ಇತ್ತು. ಆಗ ಎಲ್ಲರ ಮನೆಯಲ್ಲೂ ಸಿಂಚನಾ, ಅನನ್ಯಾ, ಐಶ್ವರ್ಯ. ನಮ್ಮ ಮಗಳ ಹೆಸರು ಯಾರಿಗೂ ಇರಬಾರದು, ಆದರೆ ಕನ್ನಡದ್ದೇ ಆಗಿರಬೇಕು, ಕೇಳಿದವರಿಗೆ ಇವರು ಓದಿಕೊಂಡವರು ಅನ್ನಿಸಬೇಕು. ಎಲ್ಲೋ ಒಂದು ಪಟ್ಟಿಯಲ್ಲಿ 'ನೀಲಾಂಜನೆ: ಪಂಪನ ಆದಿಪುರಾಣದ ದೇವನರ್ತಕಿ' ಅಂತ ಇತ್ತು. ಹೆಸರು ಬಾಯಲ್ಲಿ ಎಷ್ಟು ಚೆನ್ನಾಗಿ ಹರಿಯುತ್ತದೆ ನೋಡಿ. ಪಂಪ ಅಂದಮೇಲೆ ಇನ್ನೇನು ಯೋಚನೆ ಅಂತ ಅದೇ ದಿನ ತೀರ್ಮಾನ ಮಾಡಿಬಿಟ್ಟೆವು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಂದವರೆಲ್ಲ ಹೆಸರನ್ನು ಹೊಗಳಿದರು. ಅವರಲ್ಲೂ ಯಾರೂ ಪಂಪನನ್ನು ಓದಿದವರಿರಲಿಲ್ಲ.

ಇಂಗ್ಲಿಷಿನಲ್ಲಿ ಕೊನೆಯ 'ನೆ' ಯಾರಿಗೂ ಓದಲು ಬರುವುದಿಲ್ಲ, ನೀಲಾಂಜೇನ್ ಅನ್ನುತ್ತಾರೆ. ಅದೆಲ್ಲ ಸಣ್ಣ ವಿಷಯ, ಅಭ್ಯಾಸವಾಗುತ್ತದೆ. ಪೆಟ್ಟು ಬಿದ್ದದ್ದು ಹೈಸ್ಕೂಲಿನಲ್ಲಿ. ಅವಳ ಕನ್ನಡ ಮೇಷ್ಟ್ರು ಪಂಪನ ಬಗ್ಗೆ ಹೇಳುವಾಗ ಪ್ರೀತಿಯಿಂದಲೇ ಇವಳನ್ನು ಎಬ್ಬಿಸಿ ನಿಲ್ಲಿಸಿ ಆ ಕಥೆ ಹೇಳಿದರು. ಭೋಗದಲ್ಲಿ ಮುಳುಗಿದ ಆದಿದೇವನಿಗೆ, ಅಂದರೆ ಮುಂದೆ ಜೈನರ ಮೊದಲ ತೀರ್ಥಂಕರನಾಗುವ ರಾಜನಿಗೆ, ವೈರಾಗ್ಯ ಬರಬೇಕು. ಅದಕ್ಕಾಗಿ ಇಂದ್ರ ನೀಲಾಂಜನೆಯನ್ನು ಸಭೆಗೆ ಕರೆತಂದು ಕುಣಿಸುತ್ತಾನೆ. ಅವಳ ಆಯುಸ್ಸು ಮುಗಿಯುತ್ತಾ ಬಂದಿದೆ ಅಂತ ಅವನಿಗೆ ಗೊತ್ತು, ಗೊತ್ತಿದ್ದೇ ಆರಿಸುತ್ತಾನೆ. ಕುಣಿಯುತ್ತಾ ಕುಣಿಯುತ್ತಾ ಅವಳು ಮಿಂಚಿನ ಹಾಗೆ ಮಾಯವಾಗುತ್ತಾಳೆ. ರಸಭಂಗ ಆಗಬಾರದು ಅಂತ ಇಂದ್ರ ಆ ಕ್ಷಣವೇ ಥೇಟ್ ಅವಳಂಥದ್ದೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ.

ಮನೆಗೆ ಬಂದವಳು ಕೇಳಿದಳು: "ಸಾಯುವವಳ ಹೆಸರು ಯಾಕಮ್ಮ ಇಟ್ಟಿರಿ? ಅವಳು ಸತ್ತರೂ ಯಾರಿಗೂ ಗೊತ್ತೇ ಆಗುವುದಿಲ್ಲವಂತೆ." ನಾನು ಹೇಳಿದ್ದು, "ಹೆಸರು ಚೆನ್ನಾಗಿತ್ತು ಪುಟ್ಟಾ, ಅದಕ್ಕೆ."

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಕಥೆ ಕೇಳಿದ ಎಲ್ಲರೂ ತಪ್ಪನ್ನು ಬೇರೆ ಕಡೆ ಹುಡುಕುತ್ತಾರೆ. ಅಶುಭದ ಹೆಸರು ಇಟ್ಟಿದ್ದೇ ತಪ್ಪು ಅನ್ನುತ್ತಾರೆ. ಅಲ್ಲ. ಹಾಗೆ ನೋಡಿದರೆ ಸೀತೆ, ದ್ರೌಪದಿ, ಚಂದ್ರಮತಿ ಯಾರ ಹೆಸರನ್ನೂ ಇಡುವ ಹಾಗಿಲ್ಲ. ರಾಘವಾಂಕನ ಚಂದ್ರಮತಿಯನ್ನು ಗಂಡ ಹರಿಶ್ಚಂದ್ರನೇ ಮಾರುತ್ತಾನೆ, ಮಗ ಹಾವು ಕಚ್ಚಿ ಸಾಯುತ್ತಾನೆ. ಹೆಸರು ತಪ್ಪಲ್ಲ. ಮೇಷ್ಟ್ರು ಹೇಳಿದ್ದೂ ತಪ್ಪಲ್ಲ. ಮಗಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದು ತಪ್ಪು. ಉತ್ತರ ಇಲ್ಲದ್ದು ಓದದೇ ಇದ್ದದ್ದಕ್ಕೆ. ಗದ್ಯಾನುವಾದ ಇರುವ ಪುಸ್ತಕ ಮಾವನವರ ಕಪಾಟಿನಲ್ಲೇ ಇತ್ತು, ಬಸುರಿಯಾಗಿದ್ದಾಗ ದಿನಾ ಅದರ ಧೂಳು ಒರೆಸಿದ್ದೇನೆ. ಆ ಭಾಗ ಓದಲು ಒಂದು ಸಂಜೆ ಸಾಕಿತ್ತು.

ಓದಿದ್ದರೆ ಅವಳಿಗೆ ಹೇಳಬಹುದಿತ್ತು: ಪುಟ್ಟಾ, ಯಾರಿಗೂ ಗೊತ್ತಾಗಲಿಲ್ಲ ಅನ್ನುವುದು ಸುಳ್ಳು. ಒಬ್ಬನಿಗೆ ಗೊತ್ತಾಯಿತು. ಆದಿದೇವ ಮಾತ್ರ ಕಂಡುಕೊಂಡ, ಈಗ ಕುಣಿಯುತ್ತಿರುವವಳು ಆ ನೀಲಾಂಜನೆ ಅಲ್ಲ ಅಂತ. ಅವಳ ಜಾಗಕ್ಕೆ ಇನ್ನೊಬ್ಬಳನ್ನು ತಂದರೆ ಆಗುವುದಿಲ್ಲ ಅಂತ ಗೊತ್ತಾಗಿಯೇ ಅವನು ರಾಜ್ಯವನ್ನು ಮಕ್ಕಳಿಗೆ ಕೊಟ್ಟು ತಪಸ್ಸಿಗೆ ಹೊರಟ. ಭರತ ಬಾಹುಬಲಿಯರ ಕಥೆ ಶುರುವಾಗುವುದೂ ಅಲ್ಲಿಂದಲೇ. 941ರ ಆ ಇಡೀ ಕಾವ್ಯ ತಿರುಗಿ ನಿಲ್ಲುವುದು ನಿನ್ನ ಹೆಸರಿನವಳ ಕುಣಿತದ ಮೇಲೆ. ಇದನ್ನು ಕೇಳಿದ್ದರೆ ಅವಳು ಹೆಸರನ್ನು ಇಟ್ಟುಕೊಳ್ಳುತ್ತಿದ್ದಳೋ ಇಲ್ಲವೋ, ಆದರೆ ಅಪ್ಪ ಅಮ್ಮ ಸುಮ್ನೆ ಎಲ್ಲಿಂದಲೋ ಎತ್ತಿಕೊಂಡು ಬಂದ ಹೆಸರು ಅಂತ ಅನ್ನಿಸುತ್ತಿರಲಿಲ್ಲ. ಅವಳಿಗೆ ನೋವಾದದ್ದು ಅದೇ.

ಹತ್ತನೇ ತರಗತಿಯ ಅರ್ಜಿ ತುಂಬುವಾಗ ಹಟ ಹಿಡಿದು ನೀಲಾ ಅಂತ ಬರೆಸಿದಳು. ಆಮೇಲೆ ಪಾಸ್‌ಪೋರ್ಟಿಗೆ ಜನನ ಪತ್ರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು. ನೋಟರಿ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಎಲ್ಲ ಅಲೆದಾಟ ಆಯಿತು. ಹಣ ಹೋದದ್ದಕ್ಕಿಂತ ಜಾಸ್ತಿ ಬೇಜಾರಾದದ್ದು ಆ ಪ್ರಕಟಣೆಯಲ್ಲಿ 'ನೀಲಾಂಜನೆ ಎಂಬ ಹೆಸರನ್ನು ಬಿಟ್ಟಿರುತ್ತೇನೆ' ಅಂತ ಅಚ್ಚಾಗಿ ಬಂದದ್ದನ್ನು ಓದಿದಾಗ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಅಮೃತಮತಿ ಜನ್ನನ ಯಶೋಧರ ಚರಿತೆಯವಳು, 1209ರ ಕಾವ್ಯ. ರಾಣಿ, ರಾತ್ರಿ ಕೇಳಿದ ಒಂದು ಹಾಡಿಗೆ ಸೋತು ಕುರೂಪಿ ಮಾವಟಿಗನನ್ನು ಪ್ರೀತಿಸುತ್ತಾಳೆ, ಕೊನೆಗೆ ಗಂಡನಿಗೂ ಅತ್ತೆಗೂ ವಿಷ ಇಡುತ್ತಾಳೆ. ಈ ಕಥೆಯನ್ನು ಮಗಳಿಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳುವ ಧೈರ್ಯ ನಿಮಗಿದ್ದರೆ ಇಡಿ, ನಾನು ಬೇಡ ಅನ್ನುವುದಿಲ್ಲ. ಆ ಹಾಡು ಕೇಳಿ ಅವಳ ಮನಸ್ಸು ಕದಲುವ ಜಾಗ ಓದಿದವರಿಗೆ ಅವಳ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ವಿಷಯೆ ಬೇಡ. ಕಥೆ ಸೊಗಸಾಗಿದೆ, 'ವಿಷವನ್ನು ಕೊಡು' ಅಂತ ಇದ್ದ ಪತ್ರವನ್ನು ಕಣ್ಣಿನ ಕಾಡಿಗೆಯಲ್ಲಿ 'ವಿಷಯೆಯನ್ನು ಕೊಡು' ಅಂತ ತಿದ್ದಿ ಚಂದ್ರಹಾಸನನ್ನು ಉಳಿಸಿಕೊಂಡ ಜಾಣೆ ಅವಳು. ಆದರೆ ಶಾಲೆಯಲ್ಲಿ ದಿನಾ 'ಏನು ವಿಷಯ' ಅಂತ ಕೇಳಿಸಿಕೊಳ್ಳಬೇಕಾದವಳು ನಿಮ್ಮ ಮಗಳು, ನೀವಲ್ಲ.

ಇನ್ನು 'ಅಪರೂಪ' ಅನ್ನುವ ನಿಮ್ಮ ಷರತ್ತು. ಅದನ್ನು ಬಿಟ್ಟುಬಿಡಿ ಅಂತ ನೇರವಾಗಿಯೇ ಹೇಳುತ್ತೇನೆ. ಸಾಹಿತ್ಯದ ಹೆಸರು ಅಂದರೆ ಅಪರೂಪದ ಸಂಸ್ಕೃತ ಹೆಸರು ಅಂತ ಯಾಕೆ ಅಂದುಕೊಳ್ಳಬೇಕು? ಹೊನ್ನಮ್ಮ ಸಾಹಿತ್ಯದ ಹೆಸರಲ್ಲವೇ? ಹದಿನೇಳನೇ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿ ಇದ್ದುಕೊಂಡು ಹದಿಬದೆಯ ಧರ್ಮ ಬರೆದವಳು, ಹೆಣ್ಣು ಹೆಣ್ಣು ಅಂತ ಹೀಗಳೆಯುವವರು ಕಣ್ಣು ಕಾಣದವರು ಅಂದವಳು ಸಂಚಿಯ ಹೊನ್ನಮ್ಮ. ಮಲೆಗಳಲ್ಲಿ ಮದುಮಗಳು ಓದಿದವರಿಗೆ ಚಿನ್ನಮ್ಮ ಹಳ್ಳಿ ಹೆಸರು ಅಂತ ಅನ್ನಿಸುತ್ತದೆಯೇ? ರನ್ನನಿಗಿಂತ ದೊಡ್ಡ ಕವಿ ಬೇಕೇ? ಅವನು ಮಗಳಿಗೆ ಇಟ್ಟ ಹೆಸರು ಅತ್ತಿಮಬ್ಬೆ. ಕಾವ್ಯದ ನಾಯಕಿಯದ್ದಲ್ಲ, ತನಗೆ ಆಶ್ರಯ ಕೊಟ್ಟ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳದ್ದು.

ಎರಡನೆಯವಳಿಗೆ ನಾವು ಇಟ್ಟದ್ದು ಮನೋರಮೆ. ಮುದ್ದಣನ ಮನೋರಮೆ. ಈ ಸಲ ಅವಳು ಹೊಟ್ಟೆಯಲ್ಲಿದ್ದಾಗಲೇ ರಾಮಾಶ್ವಮೇಧದ ಮುದ್ದಣ ಮನೋರಮೆಯರ ಮಾತುಗಳನ್ನು ಗಂಡ ಹೆಂಡತಿ ಇಬ್ಬರೂ ಪಾತ್ರ ಹಂಚಿಕೊಂಡು ಜೋರಾಗಿ ಓದಿದೆವು. ಮಳೆಗಾಲದ ಸಂಜೆ, ಗಂಡ ಕಥೆ ಶುರು ಮಾಡುತ್ತಾನೆ, ಇವಳು ಸುಮ್ಮನೆ ಕೂರುವುದಿಲ್ಲ, ಪದ್ಯ ಬೇಡ ಗದ್ಯದಲ್ಲಿ ಹೇಳು ಅನ್ನುತ್ತಾಳೆ, ಸಂಸ್ಕೃತ ಜಾಸ್ತಿಯಾದರೆ ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತಾಯಿತು ಅಂತ ತಡೆಯುತ್ತಾಳೆ. ಕನ್ನಡದಲ್ಲಿ ಕಥೆ ಕೇಳುವವರಿಗೆ ಅವಳಷ್ಟು ಮರ್ಯಾದೆ ತಂದುಕೊಟ್ಟವರು ಯಾರಿದ್ದಾರೆ ಹೇಳಿ. ಮುದ್ದಣ ಅನ್ನುವ ಹೆಸರಿನಲ್ಲಿ ಇದನ್ನು ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, 1901ರಲ್ಲಿ ಮೂವತ್ತೊಂದನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡರು. ಇದೆಲ್ಲ ನನ್ನ ಚಿಕ್ಕವಳಿಗೆ ಗೊತ್ತು. ದಾಖಲೆಯಲ್ಲಿ ಮನೋರಮಾ, ಮನೆಯಲ್ಲಿ ಮನೋರಮೆ. ತರಗತಿಯಲ್ಲಿ ಹಳೇ ಕಾಲದ ಹೆಸರು ಅಂತ ಯಾರೋ ಅಂದಾಗ ಕಡುಬಿನ ಮಾತು ಹೇಳಿ ಬಂದಳಂತೆ.

ಆಸ್ಪತ್ರೆಯಲ್ಲಿ ಹೆಸರು ಬೇಗ ಹೇಳಿ ಅಂತ ಅವಸರ ಮಾಡಿದರೆ ಹೆದರಬೇಡಿ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಆ ಕಾಲಂ ಖಾಲಿ ಬಿಟ್ಟು ಮನೆಗೆ ಬನ್ನಿ. ಬಾಣಂತನದಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಲಿ, ಮೊದಲು ಮುದ್ದಣ, ಆಮೇಲೆ ಗದ್ಯಾನುವಾದದ ಜೊತೆ ಜನ್ನ, ಪಂಪ. ಅಷ್ಟಾದ ಮೇಲೂ ನೀಲಾಂಜನೆಯೇ ಬೇಕು ಅನ್ನಿಸಿದರೆ ಅದನ್ನೇ ಇಡಿ, ನನ್ನ ದೊಡ್ಡವಳಿಗೂ ಹೇಳುತ್ತೇನೆ.